ಹೆಡ್‌ಲೈಟಿಗೆ ತಲುಪದ ಮೂರು ವೋಲ್ಟ್

ನಮ್ಮ ಮನೆಗೆ ಬಂದವರಿಗೆಲ್ಲ ಅಮ್ಮ ಈ ಕಥೆ ಹೇಳುತ್ತಾಳೆ. ಅಪ್ಪನ ಹಳೇ ಜೀಪಿನ ಹೆಡ್‌ಲೈಟು ಮಂಕಾಗಿತ್ತಂತೆ, ಅಪ್ಪ ಯಾರ ಮಾತೂ ಕೇಳುತ್ತಿರಲಿಲ್ಲವಂತೆ, ಮಗಳು ಕಾಲೇಜಿನಲ್ಲಿ ಡಿಬೇಟ್ ಕಪ್ ಗೆದ್ದವಳಲ್ಲವೇ, ವಾದ ಮಾಡಿ ಮಾಡಿ ಕೊನೆಗೂ ಹೊಸ ಲೈಟು ಹಾಕಿಸಿದಳಂತೆ. ಬಂದವರು ನನ್ನ ಕಡೆ ತಿರುಗಿ ಮೆಚ್ಚಿಕೊಂಡು ನಗುತ್ತಾರೆ. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಅಮ್ಮನ ಕಥೆಯಲ್ಲಿ ಜೀಪು ಹಳೆಯದು ಎನ್ನುವುದನ್ನು ಒಪ್ಪುತ್ತೇನೆ. ಮಿಕ್ಕದ್ದಕ್ಕೆ ನನ್ನ ತಕರಾರಿದೆ. ಹೊಸ ಲೈಟು ಹಾಕಿಸಿ ಎಂದು ನಾನು ಒಂದು ದಿನವೂ ವಾದಿಸಿದವಳಲ್ಲ. ಜೀಪು ಮಾರಿಬಿಡಿ, ಇನ್ನು ಓಡಿಸಬೇಡಿ ಎಂದು ವಾದಿಸಿದ್ದೆ. ಗೆದ್ದೂ ಇದ್ದೆ. ಗೆದ್ದದ್ದು ಒಂದು ಸುಳ್ಳಿನಿಂದ.

ಅಪ್ಪನದು ಬೋರ್‌ವೆಲ್ ಮೋಟಾರು ರಿಪೇರಿ ಕೆಲಸ. ಮಾರೇನಹಳ್ಳಿಯ ನಮ್ಮ ಮನೆಯ ಕೆಳಗಿನ ಷೆಡ್ಡೇ ವರ್ಕ್‌ಶಾಪು. ಮಾಗಡಿ ರಸ್ತೆಯಾಚೆಯ ತೋಟಗಳಲ್ಲಿ ಮೋಟಾರು ಸುಟ್ಟರೆ ಅಪ್ಪನಿಗೆ ಫೋನು ಬರುತ್ತದೆ. ಸರಪಳಿ, ಪೈಪು ಹಿಡಿಯುವ ಕ್ಲ್ಯಾಂಪು, ವೋಲ್ಟೇಜು ನೋಡುವ ಮೀಟರು ಎಲ್ಲವನ್ನೂ ಜೀಪಿನ ಹಿಂದೆ ಹಾಕಿಕೊಂಡು ಹೊರಡುತ್ತಾರೆ. ಕೆಸರಾಗಲಿ, ಉತ್ತ ಹೊಲವಾಗಲಿ, ಆ ಜೀಪು ಹೋಗದ ಜಾಗವಿಲ್ಲ. ಬೆಳಗ್ಗೆ ಹೋದವರು ವಾಪಸ್ಸಾಗುವುದು ಕತ್ತಲು ಇಳಿಯುವ ಹೊತ್ತಿಗೆ. ಅಂದರೆ ಸಂಜೆಯ ಮೇಲೆ ಜೀಪು ಓಡಿಸಬಾರದು ಎಂದರೆ ಅಪ್ಪ ಕೆಲಸ ಬಿಡಬೇಕು ಎಂದೇ ಅರ್ಥ. ಇದು ಗೊತ್ತಿದ್ದೇ ನಾನು ವಾದಕ್ಕೆ ಇಳಿದದ್ದು.

ಕಾರಣ, ತಾತ. ಅಪ್ಪನ ಅಪ್ಪ. ಅವರಿಗೆ ಅರವತ್ತು ತುಂಬುವ ಹೊತ್ತಿಗೆ ಕಣ್ಣಿನ ಒತ್ತಡ ಏರಿ ದೃಷ್ಟಿ ಹೋಗಿತ್ತು. ನಾನು ಕಂಡ ತಾತ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದ ತಾತನೇ. ಅಪ್ಪನಿಗೆ ಈಗ ಐವತ್ತೆಂಟು.

ಹೋದ ವರ್ಷ ನನಗೆ ರಜೆ ಇದ್ದ ಒಂದು ದಿನ ಅಪ್ಪನ ಜೊತೆ ಹೋಗಿದ್ದೆ. ವಾಪಸ್ಸು ಬರುವಾಗ ಏಳೂ ಆಗಿರಲಿಲ್ಲ. ರಸ್ತೆಯ ಮೇಲೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಟ್ರೈಲರೊಂದನ್ನು ಯಾರೋ ನಿಲ್ಲಿಸಿ ಹೋಗಿದ್ದರು. ಹಿಂದೆ ಕೆಂಪು ದೀಪವಿಲ್ಲ, ರೇಡಿಯಂ ಪಟ್ಟಿಯಿಲ್ಲ. ಅಪ್ಪ ಕೊನೇ ಗಳಿಗೆಯಲ್ಲಿ ಸ್ಟಿಯರಿಂಗ್ ಎಳೆದರು. ಎಡಗಡೆಯ ಮಡ್‌ಗಾರ್ಡು ಕೆರೆದುಕೊಂಡು ಹೋಗಿ ಜೀಪು ಮಣ್ಣಿಗಿಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದರು.

"ನಿನಗೆ ಯಾವಾಗ ಕಾಣಿಸ್ತಮ್ಮ?"

"ನಂಗೆ ದೂರದಿಂದ್ಲೇ ಕಾಣಿಸ್ತು. ನಿಮಗೂ ಕಾಣಿಸ್ತಿದೆ ಅಂದ್ಕೊಂಡೆ."

ನನಗೆ ಕಂಡಿರಲಿಲ್ಲ. ಅಪ್ಪನಿಗೆ ಕಂಡಾಗಲೇ ನನಗೂ ಕಂಡದ್ದು. ಇಪ್ಪತ್ತೆರಡರ ನನ್ನ ಕಣ್ಣು ಮುಂದಕ್ಕೇ ನೆಟ್ಟಿತ್ತು, ಆದರೂ ಇಟ್ಟಿಗೆ ಕಾಣಲಿಲ್ಲ. ಹಾಗಿದ್ದೂ ಆ ಮಾತು ನಾಲಿಗೆಗೆ ತಾನೇ ಬಂದಿತು. ಅಪ್ಪನ ಕಣ್ಣು ಹೋಗುತ್ತಿದೆ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಅದಕ್ಕೆ ಒಪ್ಪದ ಸಾಕ್ಷಿಯನ್ನು ಬದಿಗೆ ಸರಿಸಿದೆ, ಅಷ್ಟೇ.

ಆ ವಾರವಿಡೀ ಊಟದ ಹೊತ್ತಿಗೆ ಇದೇ ಮಾತು. ಲೈಟು ಮಂಕು, ಕಣ್ಣಲ್ಲ ಎಂದು ಅಪ್ಪ ಒಂದೆರಡು ಸಲ ಹೇಳಿದರು. ಪುರಾವೆ ಏನು ಎಂದು ನಾನು ಕೇಳಿದೆ. ತಾತನ ವಿಷಯ ಎತ್ತಿದೆ. ಅಪ್ಪ ತಟ್ಟೆ ನೋಡಿಕೊಂಡು, "ಲಾಯರಮ್ಮ ಬಿಡಲ್ಲ," ಎಂದರು. ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ತೀರ್ಪು ಕೊಟ್ಟಳು. "ಸಿಗೋದ್ರಲ್ಲೆಲ್ಲ ಜೋರಾಗಿರೋ ಲೈಟ್ ಹಾಕ್ಸಿ ನೋಡಿ. ಆಗ್ಲೂ ಕಾಣ್ಲಿಲ್ಲ ಅಂದ್ರೆ ಜೀಪ್ ಮಾರಿ. ಇಬ್ರೂ ಬಾಯ್ ಮುಚ್ಕೊಳ್ಳಿ."

ಲೈಟು ಆಯ್ಕೆ ಮಾಡುವ ಕೆಲಸ ನನ್ನದಾಯಿತು. ಮೂರು ದಿನ ಕೂತು ಓದಿ, ವಿಡಿಯೋ ನೋಡಿ, ಅತಿ ಪ್ರಖರ ಎನ್ನುವ ಎಲ್‌ಇಡಿ ಬಲ್ಬಿನ ಜೋಡಿ ತರಿಸಿದೆ. ಹಳೆಯ ಬಲ್ಬು ಕಿತ್ತು ಅದೇ ಜಾಗದಲ್ಲಿ ಇದನ್ನು ಕೂರಿಸಿದ್ದೂ ನಾನೇ. ಸ್ವಿಚ್ಚು ಒತ್ತಿದರೆ ನಮ್ಮ ಬೀದಿ ಮದುವೆ ಛತ್ರದಂತೆ ಬೆಳಗಿತು. ಕೆಂಗೇರಿ ಕಡೆಯ ಬೀದಿದೀಪವಿಲ್ಲದ ಒಂದು ರಸ್ತೆಗೆ ಹೋದೆವು. ಬೆಳಕು ಮರದ ಮೇಲೆ ಬಿತ್ತು, ಕರೆಂಟಿನ ತಂತಿಯ ಮೇಲೆ ಬಿತ್ತು, ಎದುರಿಗೆ ಬರುವವರ ಮುಖಕ್ಕೆ ಹೊಡೆಯಿತು. ಒಬ್ಬ ಆಟೋದವನು ಪಕ್ಕದಲ್ಲೇ ನಿಧಾನಿಸಿ, "ಏನ್ ಗುರು, ಸ್ಟೇಡಿಯಂ ಲೈಟ್ ಕಿತ್ಕೊಂಡ್ ಬಂದಿದೀಯಾ?" ಎಂದು ಕೇಳಿ ಹೋದ. ಅಪ್ಪ ಒಂದು ಕಿಲೋಮೀಟರು ಓಡಿಸಿ ನಿಲ್ಲಿಸಿದರು.

"ಇಲ್ಲಮ್ಮ. ಬೆಳಕೇನೋ ಇದೆ, ರಸ್ತೆ ಕಾಣ್ತಿಲ್ಲ."

ನನಗೂ ಕಾಣುತ್ತಿರಲಿಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಎದುರಾಳಿ ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ಡಿಬೇಟಿನ ಮೊದಲ ಪಾಠ.

ವಾರದೊಳಗೆ ಗಿರಾಕಿ ಸಿಕ್ಕರು. ಶ್ರೀಗಂಧದ ಕಾವಲಿನಲ್ಲಿ ಕೆಫೆ ತೆರೆಯುತ್ತಿದ್ದವರು. ಜೀಪನ್ನು ಬಾಗಿಲಲ್ಲಿ ನಿಲ್ಲಿಸಿ, ಹಿಂದೆ ಹೂಕುಂಡ ಇಡುವ ಯೋಚನೆ ಅವರದು. ಭಾನುವಾರ ಬಂದು ಒಯ್ಯುತ್ತೇವೆ, ಅಷ್ಟರಲ್ಲಿ ಆ ಬಿಳಿ ಲೈಟು ತೆಗೆಸಿ ಹಳೆಯದನ್ನೇ ಹಾಕಿಸಿಕೊಡಿ, ನೋಡಲು ಹಳೆಯ ಕಾಲದ್ದೇ ಅನಿಸಬೇಕು ಎಂದರು. ಅಪ್ಪ ಆಗಲಿ ಎಂದರು. ಜೀಪಿನ ಹಿಂದಿದ್ದ ಸರಪಳಿಗಳನ್ನು ಅವತ್ತೇ ಇಳಿಸಿ ಷೆಡ್ಡಿನ ಮೂಲೆಯಲ್ಲಿ ಜೋಡಿಸಿಟ್ಟರು. ನಾನು ಮೇಲಿನಿಂದ ನೋಡುತ್ತಿದ್ದೆ. ಗೆದ್ದವರಿಗೆ ಆಗಬೇಕಾದ ಖುಷಿ ಎಲ್ಲೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಇಬ್ಬರೂ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋದೆವು. ಅಂಗಡಿಯವರು ಅಪ್ಪನ ವಯಸ್ಸಿನವರೇ, ಇಡೀ ಬೀದಿಗೆ ಅಣ್ಣ. ನನ್ನ ಬಲ್ಬುಗಳನ್ನು ಹೊರಗೆಳೆದು, ಇದನ್ನು ಯಾರು ಹಾಕಿದ್ದು ಎಂದು ಕೇಳಿದರು. ನಾನೇ ಎಂದೆ. ಈ ಡೂಮಿಗೆ ಇದು ಕೂರುವುದಿಲ್ಲ, ಬೆಳಕು ಹರಡಿಹೋಗುತ್ತದೆ ಎಂದರು. ಡೂಮ್ ಎಂದರೆ ಗಾಜು ಮತ್ತು ಅದರ ಹಿಂದಿನ ಹೊಳೆಯುವ ಬಟ್ಟಲು. ನಮ್ಮ ಜೀಪಿನ ಬಟ್ಟಲಿನಲ್ಲಿ ಹೊಳಪೂ ಉಳಿದಿರಲಿಲ್ಲ, ತುಕ್ಕು ಹಿಡಿದು ತಳ ಕಂದಾಗಿತ್ತು. ಹಳೆಯ ಬಲ್ಬು ಹಾಕಿ ಉರಿಸಿ ನೋಡಿದರು. ಆಮೇಲೆ, ಯಾರೂ ಕೇಳದಿದ್ದರೂ, ಮೀಟರಿನ ಕಡ್ಡಿಗಳನ್ನು ಮೊದಲು ಬ್ಯಾಟರಿಗೆ, ಆಮೇಲೆ ಬಲ್ಬಿನ ಕನೆಕ್ಟರಿಗೆ ಹಿಡಿದರು.

"ಯಜಮಾನ್ರೇ, ಬ್ಯಾಟ್ರಿಯಿಂದ ಹೊರಟಿದ್ದು ಹನ್ನೆರಡೂವರೆ ವೋಲ್ಟು. ಬಲ್ಬಿಗೆ ಬಂದಿರೋದು ಒಂಬತ್ತೂವರೆ. ಟ್ಯಾಂಕ್ ತುಂಬಿದ್ರೇನು, ಪೈಪಲ್ಲಿ ಕಸ ಕಟ್ಕೊಂಡಿದ್ರೆ ನಲ್ಲೀಲಿ ನೀರ್ ಬರುತ್ತಾ? ಊರೋರ್ ಮೋಟಾರಿಗೆಲ್ಲ ವೋಲ್ಟೇಜ್ ನೋಡ್ತೀರ, ನಿಮ್ದೇ ಜೀಪಿಗೆ ನೋಡ್ಲಿಲ್ವಾ?"

ಅಪ್ಪ ನಕ್ಕರು. ನಾನು ಮಾತ್ರ ಬಿಡಲಿಲ್ಲ. ಮೂರು ವೋಲ್ಟಿಗೆ ಎಷ್ಟು ವ್ಯತ್ಯಾಸ ಆದೀತು, ಕಾಲು ಭಾಗ ತಾನೇ ಎಂದೆ. ಬಲ್ಬಿನ ಲೆಕ್ಕ ಹಾಗಲ್ಲ, ವೋಲ್ಟು ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ ಎಂದು ಅಣ್ಣ ಹೇಳಿದರು. ಹಾಗೆ ಹೇಳಿ, ಬ್ಯಾಟರಿಯಿಂದ ಒಂದು ದಪ್ಪ ವೈರು ಎಳೆದು ನೇರ ಬಲ್ಬಿಗೆ ಮುಟ್ಟಿಸಿದರು. ಹಗಲಿನಲ್ಲೇ ಕಂಡಿತು. ಹಳದಿಯಾಗಿ ಮಿಣುಕುತ್ತಿದ್ದದ್ದು ಬೆಳ್ಳಗೆ ಉರಿಯಿತು.

"ಮಾಡಿಬಿಡಿ ಅಣ್ಣ," ಎಂದೆ ನಾನೇ. ನಾಳೆ ಮಾರುವ ಗಾಡಿಗೆ ಯಾಕೆ ಎಂದು ಅಪ್ಪ ಕೇಳಲಿಲ್ಲ.

ಹೊಸ ಡೂಮುಗಳು ಬಂದವು. ಒಳಗೆ ಸಾಧಾರಣ ಹ್ಯಾಲೊಜೆನ್ ಬಲ್ಬುಗಳೇ. ಹಳೆಯ ಸಣ್ಣ ವೈರು ಕಿತ್ತು ದಪ್ಪನೆಯ ವೈರು, ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಎರಡು ರಿಲೇ. ಸ್ವಿಚ್ಚು ಇನ್ನು ಆಜ್ಞೆ ಕೊಟ್ಟರೆ ಸಾಕು, ಕರೆಂಟು ಹೊರುವ ಕೆಲಸ ರಿಲೇಯದು ಎಂದು ಅಣ್ಣ ವಿವರಿಸಿದರು. ಬೆಳಕು ಮಂದವಾಗುವ ಹೊತ್ತಿಗೆ ಜೀಪನ್ನು ಎದುರಿನ ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಲೈಟಿನ ಸ್ಕ್ರೂ ತಿರುಗಿಸುತ್ತ ಹೊಂದಿಸಿದರು. ಅಪ್ಪ ಇನ್ನೂ ಒಂದು ಸುತ್ತು ಕೆಳಗಿಳಿಸಲು ಹೇಳಿದರು. "ಎದುರಿಗೆ ಬರೋರಿಗೂ ಕಣ್ಣಿರುತ್ತಲ್ಲ."

ಅಲ್ಲಿಂದ ಮತ್ತೆ ಅದೇ ಕೆಂಗೇರಿ ಕಡೆಯ ರಸ್ತೆ. ಈ ಸಲ ಪರೀಕ್ಷೆಯ ನಿಯಮ ಮಾಡಿದ್ದು ಅಪ್ಪ. ಏನಾದರೂ ಕಂಡ ಕೂಡಲೇ ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಹೊರಟೆವು.

"ಹಂಪು," ಎಂದರು ಅಪ್ಪ. ಬಣ್ಣ ಬಳಿಯದ ಹಂಪು, ನನಗೆ ಇನ್ನೂ ಕಂಡಿರಲಿಲ್ಲ. "ನಾಯಿ. ಎರಡು." ನನಗೆ ಒಂದೇ ಕಂಡಿತ್ತು. "ಚಪ್ಪಡಿ ಎದ್ದಿದೆ ನೋಡು ಎಡಕ್ಕೆ." ಹೌದು, ಎದ್ದಿತ್ತು. "ಸೈಕಲ್ಲೋನು, ಕಪ್ಪು ಶರ್ಟು." ಶರ್ಟಿನ ಬಣ್ಣವನ್ನೂ ಹೇಳಬೇಕೆ? ಪ್ರತಿ ಸಲ ನಾನೇ ಹಿಂದೆ ಬಿದ್ದೆ. ಯಾವ ವೇದಿಕೆಯಲ್ಲೂ ನಾನು ಇಷ್ಟು ಸಾಲಾಗಿ ಸೋತಿಲ್ಲ. ನಾಲ್ಕನೆಯದೋ ಐದನೆಯದೋ ಸೋಲಿಗೆ ನನ್ನ ಎದೆಯ ಮೇಲಿದ್ದ ತಾತನ ಗೋಡೆ ಸವರುವ ಕೈ ಮೆಲ್ಲಗೆ ಹಿಂದೆ ಸರಿಯಿತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಧೂಳು ಎಂದೆ. ಅಪ್ಪ ಹೌದು, ಈ ರಸ್ತೆಯಲ್ಲಿ ಧೂಳು ಜಾಸ್ತಿ ಎಂದರು.

ಕೆಫೆಯವರಿಗೆ ಅಮ್ಮನೇ ಫೋನು ಮಾಡಿ ಇಲ್ಲ ಎಂದಳು. ಮಾರನೆಯ ಬೆಳಗ್ಗೆ ಸರಪಳಿಗಳು ಜೀಪಿಗೆ ವಾಪಸ್ಸು ಹತ್ತಿದವು.

ಗಿರಾಕಿಗೆ ಕೊಡಲೆಂದು ಹೊರಗಿಟ್ಟಿದ್ದ ಆರ್‌ಸಿಯನ್ನು ಜೀಪಿನ ಡಬ್ಬಿಗೆ ಹಾಕಲು ಹೋದೆ. ಪ್ಲಾಸ್ಟಿಕ್ ಕವರಿನಿಂದ ಮಡಚಿದ ಚೀಟಿಯೊಂದು ಜಾರಿ ಬಿತ್ತು. ರಾಜಾಜಿನಗರದ ಕಣ್ಣಿನ ಡಾಕ್ಟರದು. ಎರಡೂ ಕಣ್ಣಿನ ದೃಷ್ಟಿ ಸರಿಯಿದೆ, ಒತ್ತಡವೂ ಸರಿಯಿದೆ, ಮನೆತನದಲ್ಲಿ ಇರುವುದರಿಂದ ವರ್ಷಕ್ಕೊಮ್ಮೆ ತೋರಿಸಿ ಎಂದು ಬರೆದಿತ್ತು. ತಾರೀಕು ನೋಡಿದೆ. ಟ್ರೈಲರಿಗೆ ಜೀಪು ತಗುಲಿದ ಎರಡನೇ ದಿನ. ನಾನು ಪುರಾವೆ ಏನು ಎಂದು ಕೇಳುವುದಕ್ಕೂ ಮುಂಚೆ.

ಅಪ್ಪ ಹಳೇ ಬನಿಯನ್ ತುಂಡಿನಲ್ಲಿ ಹೊಸ ಡೂಮಿನ ಗಾಜು ಒರೆಸುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಅವತ್ತು ಟ್ರೈಲರು ನನಗೂ ಕಂಡಿರಲಿಲ್ಲ ಎಂದು ಮೊದಲು ಹೇಳಿದೆ. ಅಪ್ಪನ ಕೈ ನಿಲ್ಲಲಿಲ್ಲ. ಗಾಜಿನ ಅಂಚಿನಲ್ಲಿ ಬಟ್ಟೆ ಸುತ್ತುತ್ತಲೇ ಇತ್ತು. ಚೀಟಿಯನ್ನು ಬಾನೆಟ್ ಮೇಲೆ ಇಟ್ಟೆ.

"ಈ ಚೀಟಿ ನಿಮ್ಮ ಹತ್ರಾನೇ ಇತ್ತು. ಮೀಟರೂ ಹಿಂದ್ಗಡೇನೇ ಇತ್ತು. ಜೀಪು ಕೈಬಿಟ್ಟು ಹೋಗೋವರ್ಗೂ ಯಾಕಪ್ಪ ಸುಮ್ನಿದ್ರಿ?"

"ಅದನ್ನ ತೋರ್ಸಿದ್ರೆ, ನೀನು ದೂರದಿಂದ್ಲೇ ಕಾಣಿಸ್ತು ಅಂದಿದ್ದು ಸುಳ್ಳು ಅಂತ ಎಲ್ರಿಗೂ ಗೊತ್ತಾಗ್ತಿತ್ತಲ್ಲಮ್ಮ," ಎಂದು ಅಪ್ಪ ಬಟ್ಟೆ ಮಡಚಿ ಇನ್ನೊಂದು ಗಾಜಿನ ಕಡೆ ಹೋದರು.