ಒಂಬತ್ತನೇ ಮೊಟ್ಟೆಯ ಮೇಲಿನ ಹಿಟ್ಟು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಡೈರಿ ಬರೆಯುತ್ತೇನೆ ನಿಜ, ಆದರೆ ಖುಷಿ ಹೆಚ್ಚಾದ ದಿನಗಳಲ್ಲಿ ನನ್ನ ಡೈರಿಯನ್ನು ನಂಬುವ ಹಾಗಿಲ್ಲ. ಆ ಬೇಸಿಗೆಯ ಪುಟಗಳಲ್ಲಿ ವಾಕ್ಯಗಳಿಗಿಂತ ಆಶ್ಚರ್ಯಸೂಚಕ ಚಿಹ್ನೆಗಳೇ ಜಾಸ್ತಿ.

ಹೆಣ್ಣು ಹಾವು ಬ್ರಿಸ್ಬೇನಿನದು. ನಾವು ಅಲ್ಲಿನ ನಾರ್ತ್ ಲೇಕ್ಸ್ ಬಡಾವಣೆಯಲ್ಲಿದ್ದಾಗ ಸಾಕತೊಡಗಿದ, ಕಂದು ಚುಕ್ಕೆಗಳ ಪುಟ್ಟ ಹೆಬ್ಬಾವು. ವಿಷವಿಲ್ಲ, ಮೀಟರಿನಷ್ಟು ಉದ್ದ. ಕೆಲಸ ಬದಲಾಗಿ ಅಡಿಲೇಡಿನ ಪ್ರಾಸ್ಪೆಕ್ಟ್‌ಗೆ ಬಂದಾಗ ಅದಕ್ಕೂ ಪರ್ಮಿಟ್ ಮಾಡಿಸಿದೆವು. ನಮ್ಮ ವೀಸಾಕ್ಕಿಂತ ಬೇಗ ಬಂತು. ಅಥವಾ ಗಂಡ ಮಾಡುತ್ತಿದ್ದ ತಮಾಷೆಯನ್ನೇ ನಾನು ನಿಜವೆಂದು ನೆನಪಿಟ್ಟುಕೊಂಡಿರಬೇಕು. ಇಲ್ಲಿ ಅದಕ್ಕೊಂದು ಗಂಡು ಸಿಕ್ಕಿತು. ಚಳಿಗಾಲದಲ್ಲಿ ಎರಡನ್ನೂ ಒಂದೇ ಗೂಡಿಗೆ ಬಿಟ್ಟು ಕಾದೆ. ವಾರಗಟ್ಟಲೆ ಅದು ಆ ಮೂಲೆಗೆ, ಇದು ಈ ಮೂಲೆಗೆ.

"ಜಾತಕ ತೋರಿಸಿದ್ಯೇನೆ?" ಎಂದು ಅಮ್ಮ ಪರ್ತ್‌ನಿಂದ ವಿಡಿಯೋ ಕಾಲ್‌ನಲ್ಲಿ ಕೇಳಿದಳು. ಅಲ್ಲಿನ ವಿಲೆಟನ್‌ನಲ್ಲಿ ಅಕ್ಕನ ಮನೆಯಲ್ಲಿರುವ ಅಮ್ಮ, ಫೋನಿನಲ್ಲಿ ಹಾವು ಕಂಡರೂ ಕಾಲು ಮೇಲೆತ್ತಿ ಕೂರುವವಳು.

ಮೊಟ್ಟೆ ಬರುವ ಮೊದಲೇ ಕಾವು ಪೆಟ್ಟಿಗೆ ಸಿದ್ಧಮಾಡಿಟ್ಟಿದ್ದೆ. ಗಾಜಿನ ಬಾಗಿಲಿನ ಹಳೆಯ ವೈನ್ ಫ್ರಿಜ್‌ಗೆ ಬಿಸಿ ತಂತಿ ಕೂರಿಸಿ, ಮೂವತ್ತೊಂದು ಡಿಗ್ರಿಗೆ ಇಟ್ಟು, ಇಲ್ಲಿ ಚಳಿಗಾಲವಾದ ಜುಲೈನಲ್ಲೇ ಓಡಿಸಿ ನೋಡಿದೆ. ಅಡಿಲೇಡಿನ ಚಳಿಗೆ ದೋಸೆ ಹಿಟ್ಟು ಹುದುಗುವುದೇ ಇಲ್ಲ. ಪೆಟ್ಟಿಗೆ ಸುಮ್ಮನೆ ಬೆಚ್ಚಗಿದೆಯಲ್ಲ ಎಂದು ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟೆ. ಬೆಳಿಗ್ಗೆ ಹಿಟ್ಟು ಉಬ್ಬಿ ಪಾತ್ರೆಯ ಬಾಯಿಗೆ ಬಂದಿತ್ತು. ಹೆಮ್ಮೆಯಿಂದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ತಪ್ಪು ಶುರುವಾದದ್ದು ಅಲ್ಲಿ, ನನ್ನಿಂದಲೇ.

ಅಕ್ಟೋಬರಿನಲ್ಲಿ ಮೊಟ್ಟೆಗಳು ಬಂದವು. ಒಂಬತ್ತು! ಎಂಟು ಒಂದಕ್ಕೊಂದು ಅಂಟಿದ ಗೊಂಚಲು, ಒಂದು ಬಿಡಿ. ಕೋಳಿಮೊಟ್ಟೆಯ ಹಾಗೆ ಇವನ್ನು ಹೊರಳಿಸಬಾರದು, ಹೊರಳಿದರೆ ಒಳಗಿನ ಮರಿ ಸಾಯಬಹುದು. ಅದಕ್ಕೇ ಒಂದೊಂದರ ನೆತ್ತಿಯ ಮೇಲೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಡಬ್ಬಿಯಲ್ಲಿಟ್ಟು, ಪೆಟ್ಟಿಗೆಯೊಳಗೆ ಸೇರಿಸಿ, ಲಾಂಡ್ರಿ ರೂಮಿನಲ್ಲೇ ಕುಣಿದೆ. ಪಕ್ಕದ ಕೋಣೆಯಿಂದಲೇ ಆಫೀಸ್ ಮೀಟಿಂಗಿನಲ್ಲಿದ್ದ ಗಂಡ ಬಾಗಿಲು ಮುಚ್ಚಿಕೊಂಡ.

ನವೆಂಬರಿನಲ್ಲಿ ಅಮ್ಮ ಬಂದಳು. ಒಂದು ಶನಿವಾರ ಅವಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ನಾನು, ಗಂಡ, ಮಗಳು ಮೂವರೂ ಹೊರಗೆ ಹೋಗಿದ್ದೆವು. ಸಂಜೆ ಮರಳಿದರೆ ಮನೆಯೆಲ್ಲ ಹುಳಿ ವಾಸನೆ.

"ಹಿಟ್ಟೆಲ್ಲಿಟ್ಟೆ ಅಮ್ಮ?"

"ನಿನ್ನ ದೋಸೆ ಪೆಟ್ಟಿಗೇಲಿ ಕಣೆ. ಒಳಗೊಂದು ಡಬ್ಬಿ ಇತ್ತು, ಸೌಟಲ್ಲಿ ಪಕ್ಕಕ್ಕೆ ತಳ್ಳಿದೆ."

ಓಡಿದೆ. ಹಿಟ್ಟು ಉಕ್ಕಿ, ಮೊಟ್ಟೆ ಡಬ್ಬಿಯ ಮುಚ್ಚಳದ ಮೇಲೆಲ್ಲ ಹರಿದಿತ್ತು.

"ಅಜ್ಜಿ! ಯೂ ಪುಟ್ ದೋಸಾ ವಿತ್ ದ ಬೇಬೀಸ್!" ಎಂದು ಮಗಳು ಕಿರುಚಿದಳು.

"ಬೇಬೀಸ್ಗೂ ಹಸಿವಾಗಲ್ವೇನೆ?" ಎಂದಳು ಅಮ್ಮ. ಆದರೆ ಮುಖ ಬಿಳುಚಿಕೊಂಡಿತ್ತು. "ನಾನು ಅದನ್ನ ಕೈಯಲ್ಲಿ ಮುಟ್ಟಿಲ್ಲಮ್ಮ. ದೇವರಾಣೆ."

ಮುಚ್ಚಳ ಒರೆಸಿ ತೆಗೆದೆ. ಒಂಬತ್ತೂ ಗೆರೆಗಳು ಮೇಲೇ ಇದ್ದವು. ಬಿಡಿ ಮೊಟ್ಟೆಯ ಗೆರೆಯ ಪಕ್ಕದಲ್ಲಿ ಮಾತ್ರ ಒಣಗಿದ ಹಿಟ್ಟಿನ ಒಂದು ಹೆಬ್ಬೆಟ್ಟಿನ ಗುರುತು. ಅದು ನನ್ನದೇ ಇರಬಹುದು. ಮುಚ್ಚಳ ಒರೆಸಿದ ಕೈಯಲ್ಲೇ ಮುಟ್ಟಿಬಿಟ್ಟೆನೇ? ಆದರೆ ನನ್ನ ಕೈಯ ಹಿಟ್ಟು ಅಷ್ಟು ಬೇಗ ಒಣಗುವುದು ಹೇಗೆ? ಆ ಪುಟದಲ್ಲಿ ಇರುವುದು ಇಷ್ಟೇ: "ದೋಸೆ!!! ಬದುಕಿರಲಿ ದೇವರೇ."

ಅಂದಿನಿಂದ ದಿನಾ ಬೆಳಿಗ್ಗೆ ಅಮ್ಮ ಲಾಂಡ್ರಿ ರೂಮಿನ ಹೊಸ್ತಿಲಾಚೆ ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದಳು. "ಎದ್ದವೇನೆ?"

ಡಿಸೆಂಬರಿನಲ್ಲಿ ಎದ್ದವು. ಮೊಟ್ಟೆಗಳಲ್ಲಿ ಬ್ಲೇಡಿನಿಂದ ಗೀರಿದಂಥ ಸೀಳುಗಳು, ಒಂದೊಂದರಲ್ಲೂ ಗುಂಡುಸೂಜಿ ತಲೆಯಷ್ಟು ಮೂಗು. ಎರಡು ದಿನದಲ್ಲಿ ಎಂಟೂ ಹೊರಬಂದವು. ನಾನು ನಗುತ್ತಲೇ ಅಳುತ್ತಿದ್ದೆ, ಗಂಡ ಕೂಡ ಮೀಟಿಂಗ್ ಬಿಟ್ಟು ಬಂದ. ಒಂಬತ್ತನೆಯದು, ಆ ಬಿಡಿ ಮೊಟ್ಟೆ, ಮಾತ್ರ ಅಲುಗಲಿಲ್ಲ.

ಅಮ್ಮ ಪರ್ತ್ ಟಿಕೆಟ್ ಮುಂದಕ್ಕೆ ಹಾಕಿಸಿದಳು. ಅಡಿಲೇಡಿನ ಹವೆ ಬಹಳ ಹಿಡಿಸಿದೆಯಂತೆ. ಅಂದು ಹೊರಗೆ ನಲವತ್ತೊಂದು ಡಿಗ್ರಿ.

ನಾಲ್ಕನೇ ದಿನ ಬೆಳಿಗ್ಗೆ ಅವಳ ಕೂಗಿಗೆ ಎಚ್ಚರವಾಯಿತು. "ಬಂದ್ಬಿಡ್ತು ಕಣೇ! ಮೂಗು! ಮೂಗು!" ಹೋಗಿ ನೋಡಿದರೆ ಅಮ್ಮ ಹೊಸ್ತಿಲು ದಾಟಿ, ಪೆಟ್ಟಿಗೆಯ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಎರಡೂ ಕಾಲು ನೆಲದ ಮೇಲೇ ಇದ್ದವು. ಆಮೇಲೆ ನಾವು ಮೂರು ತಲೆಮಾರು ಕೈ ಹಿಡಿದುಕೊಂಡು ವಾಷಿಂಗ್ ಮೆಷಿನ್ನಿನ ಮುಂದೆ ಕುಣಿದೆವು. ಇದನ್ನು ಮಾತ್ರ ನಾನು ತಪ್ಪಾಗಿ ನೆನೆಯುತ್ತಿಲ್ಲ, ಗಂಡ ತೆಗೆದ ವಿಡಿಯೋ ಇದೆ.

ಅಮ್ಮ ಈಗ ವಿಲೆಟನ್‌ನಲ್ಲಿದ್ದಾಳೆ. ಫೋನು ಮಾಡಿದಾಗೆಲ್ಲ ಮೊದಲು ಒಂಬತ್ತನೆಯದರ ಕ್ಷೇಮ ಕೇಳುತ್ತಾಳೆ. ನಾನೂ ಒಂದು ಕೇಳುತ್ತೇನೆ. ಕೂಡಲೇ ಅವಳಿಗೆ ಒಲೆಯ ಮೇಲಿನ ಸಾರು ನೆನಪಾಗುತ್ತದೆ, ಇಲ್ಲವೇ ಅಕ್ಕ ಕರೆಯುತ್ತಾಳೆ. ಮೊನ್ನೆ ಕೇಳಿದ್ದೂ ಅದನ್ನೇ: "ಅಮ್ಮ, ಅವತ್ತು ಆ ಮೊಟ್ಟೆ ಹೊರಳಿತ್ತಾ? ನೀನೇ ಕೈಹಾಕಿ ಸರಿಮಾಡಿದ್ಯಾ?"