ಹಿಂದಿನ ಗೋಡೆಗೆ ಕೂತ ಮಾಸ್ತರು

ಶಾಲೆ ಬಿಟ್ಟ ಗಂಟೆ ಹೊಡೆಯಿತೆಂದರೆ ನಾವು ಶಿಕ್ಷಕರೆಲ್ಲ ಹಡಗಲಿ ಬಸ್ಸಿಗೆ ಓಡುವವರು. ಗುರುಬಸಪ್ಪ ಮಾಸ್ತರು ಮಾತ್ರ ಖಾಲಿ ತರಗತಿಯೊಳಗೆ ಹೋಗಿ, ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಮಕ್ಕಳು ಕೂರುವ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಬಿಳಿ ಧೋತರಕ್ಕೆ ಧೂಳು ಮೆತ್ತಿದರೂ ಲೆಕ್ಕವಿಲ್ಲ. "ಬಾ ತಂಗಿ, ಇಲ್ಲಿ ಕುಂದ್ರು. ಹಿಂದ ಕುಂತ ಹುಡುಗ್ರಿಗೆ ನೀ ಬೋರ್ಡಿನ ಮ್ಯಾಲ ಬರದದ್ದು ಏನು ಕಾಣ್ತೈತಿ ನೋಡು" ಎಂದು ನನ್ನನ್ನು ಕರೆಯುತ್ತಿದ್ದರು.

ಹಿರೇಹಡಗಲಿ ಆಚೆಯ ಆ ಸಣ್ಣ ಶಾಲೆಗೆ ನಾನು ಸೇರಿದ್ದು ತೊಂಬತ್ತರ ದಶಕದ ಕೊನೆಗೆ. ಅಲ್ಲಿದ್ದ ಶಿಕ್ಷಕರಲ್ಲಿ ಹೆಂಗಸು ನಾನೊಬ್ಬಳೇ. "ಏನು ಕಲಿಸ್ದಿ ಅಂತ ಕೇಳಂಗಿಲ್ಲ ನಾ. ಎಲ್ಲಿ ತಪ್ಪಿದಿ, ಅದನ್ನ ಹೇಳು" ಎನ್ನುವುದು ಮಾಸ್ತರರ ದಿನದ ಪ್ರಶ್ನೆ. "ಎಲ್ಲಾ ಚಲೋ ನಡೀತ್ರಿ" ಅಂದರೆ ಸಿಡುಕುತ್ತಿದ್ದರು. "ಎಲ್ಲಾ ಚಲೋ ನಡೀತು ಅನ್ನೋ ಮಾಸ್ತರ ಮಕ್ಕಳ ಮುಖಾನ ನೋಡಿಲ್ಲ ಅಂತ ತಿಳಕೋ!" ನಮಗೆಲ್ಲ ತರಬೇತಿ ಅಂದರೆ ಒಂದು ಸಹಿ, ಒಂದು ಊಟ, ವಾಪಸ್ ಬಸ್ಸು. ಕಲಿಸುವವಳೂ ದಿನಾ ಕಲಿಯಬೇಕು ಅಂತ ನನಗೆ ತಿಳಿದದ್ದು ಆ ಗೋಡೆಯ ಬುಡದಲ್ಲಿ. ಹೇಳಿಕೊಳ್ಳಲು ಹಿಂಜರಿದರೆ ಧೈರ್ಯ ಕೊಡುತ್ತಿದ್ದರು: "ಇಲ್ಲಿ ಆಡಿದ ಮಾತು ಈ ಗ್ವಾಡಿ ದಾಟಂಗಿಲ್ಲ."

ಆ ಮಾತು ನಂಬಿ ಒಂದು ಸಂಜೆ ಬಾಯಿಬಿಟ್ಟೆ. "ಸರ್, ನಂಗ ಭಿನ್ನರಾಶಿ ಸರಿಯಾಗಿ ಬರಂಗಿಲ್ರಿ. ಆ ಪಾಠ ಬಂದ್ರ ಮನ್ಯಾಗ ಓದ್ಕೊಳ್ರಿ ಅಂತ ಹೇಳಿ ಮುಂದಕ್ಕ ಹೋಗ್ತೀನ್ರಿ." ಹೇಳುತ್ತಲೇ ಅಳು ಬಂತು. ಮಾಸ್ತರು ನಗಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ಜೋಳದ ರೊಟ್ಟಿ ತೆಗೆದು ಮುಂದಿಟ್ಟರು. "ಮೂರು ಮಂದಿಗೆ ಹಂಚಿದ್ರ ದೊಡ್ಡ ತುಂಡು ಬರ್ತೈತೋ, ನಾಕು ಮಂದಿಗೆ ಹಂಚಿದ್ರೋ? ಮುರದು ನೋಡು." ಬಸ್ಸು ತಪ್ಪಿತು, ರೊಟ್ಟಿ ಚೂರುಚೂರಾಯಿತು, ಭಿನ್ನರಾಶಿ ತಲೆಗೆ ಹತ್ತಿತು. ಮರುದಿನ ಪಾಠ ಮಾಡಿದೆ. ಆಹಾ, ಆ ಮಕ್ಕಳ ಮುಖ! ಮಾಸ್ತರರ ಮೇಲೆ ಇಟ್ಟಷ್ಟು ನಂಬಿಕೆ ಹೆತ್ತ ಅಪ್ಪನ ಮೇಲೂ ನಾನು ಇಟ್ಟವಳಲ್ಲ.

ಮುಂದಿನ ವರ್ಷ ಹಡಗಲಿಯ ಶಿಕ್ಷಕರ ತರಬೇತಿಯಲ್ಲಿ ಮಾತನಾಡಲು ಮಾಸ್ತರರನ್ನು ಕರೆದರು. ವಿಷಯ, ಶಿಕ್ಷಕರ ಆತ್ಮಾವಲೋಕನ. ನಮ್ಮ ಮಾಸ್ತರು ಅಂತ ಹೆಮ್ಮೆಯಿಂದ ಮುಂದಿನ ಸಾಲಲ್ಲೇ ಹೋಗಿ ಕೂತೆ.

"ನಮ್ ಸಾಲಿಯಾಗ ಒಬ್ಬಾಕಿ ಟೀಚರಮ್ಮ ಅದಾಳ್ರಿ" ಎಂದು ಶುರುಮಾಡಿದರು. "ಐದನೇ ಕ್ಲಾಸಿಗೆ ಗಣಿತ ಹೇಳ್ತಾಳ, ಭಿನ್ನರಾಶೀನ ಬರಂಗಿಲ್ಲ! ಗೊಳೋ ಅಂತ ಅಳಾಕ ಹತ್ತಿದ್ಲು. ಕಡೀಗೆ ರೊಟ್ಟಿ ಮುರದು ಕಲಿಸಿದೆ ನೋಡ್ರಿ!" ನಾನು ಅತ್ತದ್ದನ್ನೂ ಮಾಡಿ ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಹೇಳಲಿಲ್ಲ, ನಿಜ. ಆದರೆ ಅವರ ಶಾಲೆಯಲ್ಲಿ ಟೀಚರಮ್ಮ ಅಂತ ಇದ್ದವಳು ಇನ್ಯಾರು? ಊಟದ ಸಾಲಿನಲ್ಲಿ ಒಬ್ಬರು, "ರೊಟ್ಟಿ ಟೀಚರ್, ಇನ್ನೊಂದು ಹಾಕಿಸ್ಕೊಳ್ರಿ" ಎಂದೇಬಿಟ್ಟರು. ತಟ್ಟೆ ಅಲ್ಲೇ ಇಟ್ಟು ಹೊರಗೆ ಬಂದೆ.

ಮಾಸ್ತರು ಹಿಂದೆಯೇ ಬಂದರು. "ಹೆಸರು ಹೇಳಿಲ್ಲಲ್ಲ ತಂಗಿ. ನಾಕು ಮಂದಿಗೆ ಬುದ್ಧಿ ಬರ್ಲಿ ಅಂತ..."

"ನಾಕು ಮಂದಿಗೆ ಬುದ್ಧಿ ಬರಾಕ ನಿಮ್ಮ ತಪ್ಪೊಂದು ಹೇಳಬಹುದಿತ್ತಲ್ರಿ ಸರ್?"

ಆಗ ಹೊಳೆಯಿತು ನನಗೆ: ಅಷ್ಟು ಸಂಜೆ ಗೋಡೆಗೆ ಕೂತವರು ತಮ್ಮದೊಂದು ತಪ್ಪನ್ನೂ ಎಂದೂ ಹೇಳಿರಲಿಲ್ಲ. ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಇದೇ. ಆಮೇಲೆ ನಾನೂ ಗಂಟೆ ಹೊಡೆದ ಕೂಡಲೇ ಬಸ್ಸಿಗೆ ಓಡತೊಡಗಿದೆ.

ತಮ್ಮ ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಮುಗಿದ ಮೇಲೆ ಮಾಸ್ತರು ನನ್ನ ತರಗತಿಗೆ ಬಂದರು. ಹೊಸ ಧೋತರದಲ್ಲೇ ಹಿಂದಿನ ಗೋಡೆಗೆ ಕೂತರು. "ಇವತ್ತು ಎಲ್ಲಿ ತಪ್ಪಿತು ತಂಗಿ?"

"ಎಲ್ಲಾ ಚಲೋ ನಡೀತ್ರಿ ಸರ್."

ಅವರ ಮುಖ ಕಪ್ಪಿಟ್ಟಿತು. ಸಿಡುಕಲಿಲ್ಲ. ಮೆಲ್ಲಗೆ, "ನನ್ನ ಕೇಳಂಗಿಲ್ಲೇನು?" ಎಂದರು.

ಕೇಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ನಡೆದೆ. ಅದೇ ಕಡೆಯ ಭೇಟಿ.

ಮಾಸ್ತರು ತೀರಿಹೋಗಿ ಬಹಳ ಕಾಲವಾಯಿತು. ನನ್ನ ಸಿಟ್ಟು ಇಳಿದಿಲ್ಲ, ಅವರು ಹಚ್ಚಿದ ಚಟವೂ ಬಿಟ್ಟಿಲ್ಲ. ಈಗಿನ ಕೊಟ್ಟೂರಿನ ಶಾಲೆಯಲ್ಲೂ ಸಂಜೆ ಮಕ್ಕಳು ಹೋದ ಮೇಲೆ ಹಿಂದಿನ ಗೋಡೆಗೆ ಕೂರುತ್ತೇನೆ. ಇವತ್ತು ಎಲ್ಲಿ ತಪ್ಪಿತು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಪಕ್ಕದಲ್ಲಿ ಯಾರನ್ನೂ ಕೂಡಿಸಿಕೊಳ್ಳುವುದಿಲ್ಲ.