ಪೇಡೆಯ ಮುಂದೆ ಕುಳಿತ ನಾಯಿ

ಪೇಡೆ ಎಂದರೆ ನನಗೆ ಹೇಸಿಗೆ. ಧಾರವಾಡದವನಾಗಿ ಈ ಮಾತು ಆಡಬಾರದು, ಗೊತ್ತು. ಮದುವೆ ಮನೆಯಲ್ಲಿ ಯಾರಾದರೂ ಡಬ್ಬಿ ಮುಂದೆ ಹಿಡಿದರೆ ಸಕ್ಕರೆ ಕಾಯಿಲೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ನಾನು ಪೊಲೀಸ್ ಶ್ವಾನದಳದಲ್ಲಿ ನಾಯಿ ನಡೆಸುವ ಕಾನ್‌ಸ್ಟೇಬಲ್. ಮೊದಲು ನಮ್ಮಲ್ಲಿ ಇದ್ದದ್ದು ಒಂದು ತಗಡಿನ ಶೆಡ್ಡು ಮತ್ತು ಕಳ್ಳರ ಜಾಡು ಹಿಡಿಯುವ ಎರಡು ಮುದಿ ನಾಯಿಗಳು. ಆಮೇಲೆ ಹೊಸ ಕಟ್ಟಡ, ಕೂಲರ್, ಸ್ವಂತ ಜೀಪು ಬಂದವು. ಗಾಂಜಾ ಹುಡುಕಲೆಂದೇ ಒಂದು ಕಪ್ಪು ಲ್ಯಾಬ್ರಡಾರ್ ಹೆಣ್ಣುಮರಿಯೂ ಬಂತು. ಅದನ್ನು ನನ್ನ ಕೈಗೆ ಕೊಟ್ಟರು. ತರಬೇತಿಗೆ ಇಬ್ಬರೂ ಕೂಡಿಯೇ ಹೋದೆವು. ಗಾಂಜಾ ವಾಸನೆ ಸಿಕ್ಕರೆ ಅದು ಬೊಗಳದೆ, ಪರಚದೆ, ಸುಮ್ಮನೆ ಕುಳಿತು ನನ್ನ ಮುಖ ನೋಡಬೇಕು. ನಾನು ಶಾಬಾಸ್ ಎಂದು ಚೆಂಡು ಎಸೆಯಬೇಕು. ಆ ಚೆಂಡೇ ಅದರ ಸಂಬಳ, ಅದಕ್ಕಾಗಿ ಜೀವ ಬಿಡುತ್ತಿತ್ತು.

ಕಟ್ಟಡದ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಸಾಲಾಗಿ ಇಟ್ಟ ಚೀಲಗಳಲ್ಲಿ ಗಾಂಜಾ ಇದ್ದದ್ದನ್ನು ನಾಯಿ ಅವರೆದುರು ತೋರಿಸಬೇಕಿತ್ತು. ಅದರ ಹಿಂದಿನ ವಾರವೇ ಹೆಬ್ಬಳ್ಳಿಯಲ್ಲಿ ತಂಗಿಯ ಮದುವೆ, ರಜೆ ಹಾಕಿ ಹೋದೆ. ತಿರುಗಿ ಬಂದು ನಾಯಿಯ ಮೂತಿ ಸವರಿದರೆ ಕೈಗೆ ಪೇಡೆಯ ವಾಸನೆ ಹತ್ತಿತು. ಪ್ರದರ್ಶನ ಕೆಡಬಾರದೆಂದು ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಗಾಂಜಾ ಪೊಟ್ಟಣದ ಜೊತೆ ಪೇಡೆ ಇಟ್ಟು ದಿನಾ ತಾಲೀಮು ಮಾಡಿಸಿದ್ದರಂತೆ. ಕುಳಿತಾಗಲೆಲ್ಲ ಬಾಯಿಗೊಂದು ಪೇಡೆ.

"ಸಾಹೇಬ್ರ, ಇದಕ್ಕ ಪೇಡೆ ರುಚಿ ಹತ್ತಿದ್ರ ಮುಗೀತ್ರಿ. ಈ ಊರಾಗ ಪೇಡೆ ಇಲ್ಲದ ಚೀಲ ಯಾವುದೈತ್ರಿ?" ಎಂದೆ.

"ಮಂತ್ರಿಗಳ ಮುಂದ ಕುಂತ್ರ ಸಾಕಪಾ. ಮುಂದಿಂದು ಮುಂದ ನೋಡೂಣು," ಎಂದರು.

ಕುಳಿತಿತು. ಚಪ್ಪಾಳೆ, ಶಾಲು, ಫೋಟೋ ಎಲ್ಲ ಸಾಹೇಬರ ಪಾಲಿಗೆ. ನಾಯಿಗೆ ಮೊದಲಿನಿಂದ ಮತ್ತೆ ಕಲಿಸುತ್ತೇನೆ, ಅಲ್ಲಿಯ ತನಕ ಹೊರಗೆ ಒಯ್ಯುವುದು ಬೇಡ ಎಂದು ಬೇಡಿಕೊಂಡೆ. ಪೇಪರಿನಲ್ಲಿ ಫೋಟೋ ಬಂದ ನಾಯಿಯನ್ನು ಮೂಲೆಗೆ ಕೂಡಿಸುತ್ತಾರೆಯೇ ಎಂದು ನನಗೇ ಗದರಿದರು.

ಮುಂದೆ ಬಸ್ ನಿಲ್ದಾಣದಲ್ಲಿ ತಪಾಸಣೆ. ನಾಯಿ ನೆಟ್ಟಗೆ ಹೋಗಿ ವಯಸ್ಸಾದ ಒಬ್ಬ ಹೆಣ್ಣುಮಗಳ ಚೀಲದ ಮುಂದೆ ಕುಳಿತು ನನ್ನ ಮುಖ ನೋಡಿತು. ಬಸುರಿ ಮಗಳಿಗೆ ಸೀರೆ ಉಡಿಸಿ ಕುಬಸದ ಶಾಸ್ತ್ರ ಮಾಡಲು ಹೊರಟಿದ್ದಳು ಆಕೆ. ಪೇಡೆ ಇರಬೇಕು ಎಂದು ನಾನು ಹೇಳಿದ್ದನ್ನು ಸಾಹೇಬರು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೆದುರು ಚೀಲ ಸುರುವಿಸಿದರು. ಹಸಿರು ಸೀರೆ, ಬಳೆ, ಆಕೆಯ ಒಳಬಟ್ಟೆ, ಕಡೆಗೆ ಪೇಡೆಯ ಡಬ್ಬಿ. ಒಂದೊಂದು ಪೇಡೆಯನ್ನೂ ಒಡೆದು ನೋಡಿ ನೆಲಕ್ಕೆ ಚೆಲ್ಲಿದರು. ಸುತ್ತಲಿನ ಜನ ಮೊಬೈಲ್ ಹಿಡಿದು ನಿಂತಿದ್ದರು. ಆಕೆ ಅಳಲಿಲ್ಲ. ಬೂಟುಗಾಲುಗಳ ನಡುವೆ ಬಗ್ಗಿ ಸೀರೆ ಎತ್ತಿ ಧೂಳು ಜಾಡಿಸಿದಳು.

"ನಾಯಿಗೇನೋ ತಿಳಿಯಂಗಿಲ್ಲ. ನಿಮಗೂ ತಿಳಿಯಂಗಿಲ್ಲೇನ್ರಿ?" ಎಂದಳು.

ಅಷ್ಟೊತ್ತಿಗೆ ಸಾಹೇಬರು ಜೀಪು ಹತ್ತಿ ಕುಳಿತಿದ್ದರು. ಮೈಮೇಲಿನ ಖಾಕಿಯೇ ನನಗೆ ಅಸಹ್ಯವೆನಿಸಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊಬೈಲುಗಳಲ್ಲಿ ಆ ಚಿತ್ರ ಓಡಾಡಿದ ಮೇಲೆ ನಾಯಿಯ ಮೂಗೇ ಸರಿಯಿಲ್ಲವೆಂದು ತೀರ್ಮಾನವಾಯಿತು. ನಾನೇ ಸಾಕಿಕೊಳ್ಳುತ್ತೇನೆ ಎಂದೆ, ಕೊಡಲಿಲ್ಲ. ಗೋಕುಲ ರಸ್ತೆಯಲ್ಲಿದ್ದ ಸಾಹೇಬರ ಪರಿಚಯದವರೊಬ್ಬರ ಗೋದಾಮು ಕಾಯಲು ಗೊತ್ತುಮಾಡಿದರು.

ಹೋಗುವ ದಿನ ಅದಕ್ಕೊಂದು ಬೀಳ್ಕೊಡುಗೆ ಬೇರೆ. ಕೊರಳಿಗೆ ಹಾರ, ಮತ್ತೆ ಫೋಟೋ. ಹಂಚಲು ಏನು ತಂದಿದ್ದರು ಎಂದು ಬೇರೆ ಹೇಳಬೇಕೆ? ನಾಯಿ ಹಾರ ಎಳೆದುಕೊಂಡು ಹೋಗಿ ಆ ಡಬ್ಬಿಯ ಮುಂದೆ ಕುಳಿತಿತು. ಬೊಗಳಲಿಲ್ಲ, ಪರಚಲಿಲ್ಲ, ಕಲಿಸಿದಂತೆಯೇ ತಿರುಗಿ ನನ್ನ ಮುಖ ನೋಡಿತು. ಎಲ್ಲರೂ ನಕ್ಕರು, ಸಾಹೇಬರು ಎಲ್ಲರಿಗಿಂತ ಜೋರಾಗಿ.

ನಾನು ಶಾಬಾಸ್ ಎಂದೆ. ಕಿಸೆಯಲ್ಲಿದ್ದ ಚೆಂಡು ತೆಗೆದು ಎಸೆದೆ. ಅದು ಉರುಳಿ ಹೋಗಿ ಗೋಡೆಗೆ ತಾಗಿ ನಿಂತಿತು. ನಾಯಿ ಆ ಕಡೆ ತಿರುಗಿಯೂ ನೋಡಲಿಲ್ಲ.